ಬಟನ್ನೋ ಪ್ಯಾಡಲ್ಲೋ: ಪಿಸ್ತೂಲ್ ಕೊಳ್ಳುವ ಮೊದಲು ಬೆರಳಿಟ್ಟು ನೋಡಿ

ಮಾನ್ಯ ಸಂಪಾದಕರೇ,

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಪಿಸ್ತೂಲಿನಲ್ಲಿ ಎರಡು ಕಂಚು ಗೆದ್ದ ಮೇಲೆ ಬೆಂಗಳೂರಿನ ಮಕ್ಕಳೂ ಪೋಷಕರೂ ಈ ಕ್ರೀಡೆಯ ಬಗ್ಗೆ ಆಸಕ್ತಿಯಿಂದ ವಿಚಾರಿಸುತ್ತಿದ್ದಾರೆ. 10 ಮೀಟರ್ ಏರ್ ಪಿಸ್ತೂಲಿನಲ್ಲಿ ಒಂದೊಂದೇ ಪೆಲೆಟ್ ಹಾಕಿ ಹೊಡೆಯುವವರೆಗೆ ಮ್ಯಾಗಜಿನ್ನಿನ (ಗುಂಡು ತುಂಬಿ ಹಿಡಿಯೊಳಗೆ ಕೂರಿಸುವ ಪೆಟ್ಟಿಗೆ) ಗೊಡವೆಯೇ ಇಲ್ಲ. 25 ಮೀಟರಿನ .22 ಪಿಸ್ತೂಲಿಗೆ ಹೋದಾಗ ಅದು ಮೊದಲ ಸಲ ಕೈಗೆ ಬರುತ್ತದೆ. ಆಗ ಹೊಸಬರು ನೋಡುವುದು ಅಮೆರಿಕದ ವಿಡಿಯೊಗಳನ್ನು. ಅಲ್ಲಿ ಹೆಬ್ಬೆರಳಿನಿಂದ ಬಟನ್ ಒತ್ತಿ, ಕಣ್ಣು ಮಿಟುಕಿಸುವಷ್ಟರಲ್ಲಿ ಮ್ಯಾಗಜಿನ್ ಬದಲಿಸಿಬಿಡುತ್ತಾರೆ. ಅದನ್ನು ನೋಡಿ ‘ಬಟನ್ ಇದ್ದರೇ ಒಳ್ಳೆಯ ಪಿಸ್ತೂಲು’ ಎಂದು ತೀರ್ಮಾನಿಸುವುದು ತಪ್ಪು. ಪರವಾನಗಿ ಪುಸ್ತಕದಲ್ಲಿ ಪಿಸ್ತೂಲಿನ ನಂಬರ್ ಸಮೇತ ನಮೂದಾಗುವ ನಮ್ಮ ದೇಶದಲ್ಲಿ, ಒಮ್ಮೆ ಕೊಂಡದ್ದನ್ನು ಕೊಟ್ಟು ಬೇರೆಯದನ್ನು ತರುವುದು ಸುಲಭದ ಮಾತಲ್ಲ. ಹಾಗಾಗಿ, ಮ್ಯಾಗಜಿನ್ ಬಿಡಿಸುವ ಎರಡು ಬಗೆ, ಅಂದರೆ ಬಟನ್ ಮತ್ತು ಪ್ಯಾಡಲ್ ಬಗ್ಗೆ ಈ ಪತ್ರ.

ಬಟನ್ ಇರುವುದು ಟ್ರಿಗರ್ ಗಾರ್ಡಿನ (ಟ್ರಿಗರ್ ಸುತ್ತಲಿನ ಬಳೆ) ಹಿಂದೆ, ಹಿಡಿಯ ಪಕ್ಕದಲ್ಲಿ. ಒತ್ತಿದರೆ ಒಳಗಿನ ಕ್ಯಾಚ್ (ಮ್ಯಾಗಜಿನ್ ಹಿಡಿದಿಡುವ ಕೊಂಡಿ) ಅಡ್ಡಲಾಗಿ ಸರಿದು, ಮ್ಯಾಗಜಿನ್ನಿನ ಕಚ್ಚಿನಿಂದ ಹಲ್ಲು ಬಿಡಿಸಿಕೊಳ್ಳುತ್ತದೆ. ಪ್ಯಾಡಲ್ ಎಂದರೆ ಟ್ರಿಗರ್ ಗಾರ್ಡ್ ಹಿಡಿಗೆ ಸೇರುವ ಮೂಲೆಯಲ್ಲಿ ಎರಡೂ ಬದಿಗೆ ರೆಕ್ಕೆಯಂತೆ ಚಾಚಿರುವ ಪುಟ್ಟ ಸನ್ನೆ. ಅದನ್ನು ಒಳಕ್ಕಲ್ಲ, ಕೆಳಕ್ಕೆ ಒತ್ತಬೇಕು. ಪಿನ್ನಿನ ಮೇಲೆ ತಿರುಗುವ ಕೊಕ್ಕೆ ಸಾಮಾನ್ಯವಾಗಿ ಮ್ಯಾಗಜಿನ್ನಿನ ಮುಂಭಾಗದ ಕಚ್ಚನ್ನು ಬಿಡುತ್ತದೆ. 1993ರ ಹೆಕ್ಲರ್ ಆಂಡ್ ಕಾಖ್ ಯುಎಸ್‌ಪಿ, ವಾಲ್ಟರ್ ಪಿ99, .22ರಲ್ಲಿ ವಾಲ್ಟರ್ ಪಿ22 ಈ ಜಾತಿಯವು. 1911ರ ಕೋಲ್ಟ್, ಬ್ರೌನಿಂಗ್ ಹೈ-ಪವರ್, ಗ್ಲಾಕ್ ಇವೆಲ್ಲ ಬಟನ್ ಪಿಸ್ತೂಲುಗಳು.

ಬಟನ್ ಅಮೆರಿಕದ್ದು, ಪ್ಯಾಡಲ್ ಯುರೋಪಿನದು ಎಂದು ಹೇಳುವವರಿದ್ದಾರೆ. ಅರ್ಧ ಸತ್ಯ. ಜರ್ಮನಿಯ ಹಳೆಯ ಲೂಗರ್‌ನಲ್ಲೇ ಬಟನ್ ಇತ್ತು. ಅದರ ಜಾಗಕ್ಕೆ ಬಂದ ಪಿ38ರಲ್ಲಿ ಹಿಡಿಯ ಬುಡದ ಕ್ಯಾಚ್ ಬಂತು. ಇತ್ತೀಚಿನ ಬದಲಾವಣೆಗೆ ಮಾತ್ರ ಮಾರುಕಟ್ಟೆಯೇ ಕಾರಣ. ಪ್ಯಾಡಲ್ ಇದ್ದ ಪಿಪಿಕ್ಯೂ ಪಿಸ್ತೂಲನ್ನು ವಾಲ್ಟರ್ 2013ರಲ್ಲಿ ಎಂ2 ಎಂಬ ಹೆಸರಿನಲ್ಲಿ ಬಟನ್‌ಗೆ ಬದಲಿಸಿತು, ಹೆಕ್ಲರ್ ಆಂಡ್ ಕಾಖ್ ಕೂಡ ವಿಪಿ9ಕ್ಕೆ ಬಟನ್ ಇರುವ ಇನ್ನೊಂದು ಮಾದರಿ ತಂದಿತು. ಬಟನ್‌ಗೇ ಪಳಗಿದ ಕೈಗಳು ಹೆಚ್ಚಿದ್ದ ಕಡೆ ಅದು ಸರಿಯಾದ ವ್ಯಾಪಾರ. ಪ್ಯಾಡಲ್ ಸೋತಿತು ಎಂದು ಅದರಿಂದ ಸಾಬೀತಾಗುವುದಿಲ್ಲ. ಸೆಕೆಂಡ್ ಹ್ಯಾಂಡ್ ಮ್ಯಾಗಜಿನ್ ಹುಡುಕುವವರಿಗೆ ಒಂದು ಮಾತು: ಪ್ಯಾಡಲ್ ಇದ್ದ ಹಳೆಯ ಪಿಪಿಕ್ಯೂ ಎಂ1ರ ಮ್ಯಾಗಜಿನ್ ಎಂ2ರಲ್ಲಿ ನಿಲ್ಲುವುದಿಲ್ಲ. ಕಚ್ಚಿನ ಜಾಗವೇ ಬೇರೆ.

ಈಗ ನಮ್ಮ ರೇಂಜಿಗೆ ಬರೋಣ. 25 ಮೀಟರ್ ಸ್ಟ್ಯಾಂಡರ್ಡ್ ಪಿಸ್ತೂಲಿನಲ್ಲಿ ಐದೈದು ಗುಂಡಿನ ಸರಣಿಗಳು: 150 ಸೆಕೆಂಡಿನವು, 20 ಸೆಕೆಂಡಿನವು, 10 ಸೆಕೆಂಡಿನವು. ಮ್ಯಾಗಜಿನ್ನಿನಲ್ಲಿ ಐದೇ ಗುಂಡು. ಸರಣಿ ಮುಗಿದ ಮೇಲಷ್ಟೇ ಮ್ಯಾಗಜಿನ್ ಹೊರಗೆ. ಅಂದರೆ ಎಷ್ಟು ಬೇಗ ಬಿಡಿಸುತ್ತೀರಿ ಎಂಬುದಕ್ಕೆ ಇಲ್ಲಿ ಒಂದು ಅಂಕವೂ ಇಲ್ಲ. ಬೇಕಾದದ್ದು, ಬೇಡದಾಗ ಅದು ಬಿಡದಿರುವುದು. ಮ್ಯಾಗಜಿನ್ ಸರಿಯಾಗಿ ಕೂರದಿದ್ದರೆ ಅಥವಾ ಸರಣಿಯ ನಡುವೆ ಬಿದ್ದರೆ, ಯಾಂತ್ರಿಕ ಹಾನಿ ಕಾರಣವಲ್ಲದಿದ್ದರೆ, ಐಎಸ್‌ಎಸ್‌ಎಫ್ (ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟ) ನಿಯಮದಲ್ಲಿ ಅದು ಮಾನ್ಯವಾಗದ ಮಾಲ್‌ಫಂಕ್ಷನ್ (ಪಿಸ್ತೂಲಿನ ದೋಷ). ಹಾರಿಸದ ಗುಂಡುಗಳೆಲ್ಲ ಸೊನ್ನೆ.

ಇದು ನಡೆಯುವ ಬಗೆ ನೋಡಿ. ಉದ್ದ ಮಾಡಿಸಿದ ಬಟನ್ ಹಿಡಿಯಿಂದ ಹೊರಗೆ ಚಾಚಿರುತ್ತದೆ. ಪಿಸ್ತೂಲನ್ನು ಬೆಂಚಿನ ಮೇಲೆ ಎಡಮಗ್ಗುಲಿಗೆ ಮಲಗಿಸಿದಾಗ, ಇಲ್ಲವೇ ಹಿಡಿತ ಬಿಗಿ ಮಾಡುವಾಗ ಹೆಬ್ಬೆರಳಿನ ಬುಡ ತಾಗಿದಾಗ, ಕ್ಯಾಚ್ ಕೂದಲೆಳೆಯಷ್ಟು ಸರಿಯುತ್ತದೆ. ಮ್ಯಾಗಜಿನ್ ಪೂರ್ತಿ ಬೀಳುವುದಿಲ್ಲ, ಒಂದೆರಡು ಮಿಲಿಮೀಟರ್ ಇಳಿದು ಅಂಗೈಗೆ ಆತು ನಿಲ್ಲುತ್ತದೆ. ಚೇಂಬರಿನಲ್ಲಿದ್ದ (ನಳಿಗೆಯ ಹಿಂತುದಿಯ ಗುಂಡಿನ ಗೂಡು) ಮೊದಲ ಗುಂಡು ಹಾರುತ್ತದೆ. ಸ್ಲೈಡ್ (ಪಿಸ್ತೂಲಿನ ಮೇಲೆ ಹಿಂದೆಮುಂದೆ ಸರಿಯುವ ಭಾಗ) ಹಿಂದೆ ಹೋಗಿ ಮುಂದೆ ಬರುವಾಗ ಎರಡನೆಯ ಗುಂಡು ಅದರ ದಾರಿಯಲ್ಲಿ ಇರುವುದೇ ಇಲ್ಲ. ಟ್ರಿಗರ್ ಎಳೆದರೆ ಬರೀ ‘ಟಕ್’. ಹೊಸಬರು ಮದ್ದಿನ ಮೇಲೆ ಅನುಮಾನ ಪಡುತ್ತಾರೆ, ಬ್ರ್ಯಾಂಡ್ ಬದಲಿಸುತ್ತಾರೆ; ದೋಷ ಬಟನ್ನಿನಲ್ಲೇ ಉಳಿದಿರುತ್ತದೆ. ಮ್ಯಾಗಜಿನ್ ಹಾಕಿದ ಮೇಲೆ ಅಂಗೈಯಿಂದ ಬಲವಾಗಿ ಒತ್ತಿ, ‘ಕ್ಲಿಕ್’ ಕೇಳಿಸಿಕೊಂಡು, ಬುಡ ಹಿಡಿದು ಒಮ್ಮೆ ಕೆಳಕ್ಕೆ ಜಗ್ಗಿ ನೋಡುವುದನ್ನು ಮೊದಲ ದಿನವೇ ಕಲಿಸಬೇಕು. ಸ್ಲೈಡ್ ಮುಚ್ಚಿದ್ದಾಗ ತುಂಬಿದ ಮ್ಯಾಗಜಿನ್ ಹಾಕಲು ಇನ್ನೂ ಹೆಚ್ಚು ಬಲ ಬೇಕು, ಏಕೆಂದರೆ ಮೇಲಿನ ಗುಂಡು ಸ್ಲೈಡಿಗೆ ತಾಗಿ ಒಳಗಿನ ಸ್ಪ್ರಿಂಗ್ ಇನ್ನಷ್ಟು ಕುಗ್ಗಬೇಕಾಗುತ್ತದೆ.

ಪ್ಯಾಡಲ್‌ನಲ್ಲಿ ಈ ತೊಂದರೆ ಕಡಿಮೆ. ಪಕ್ಕದಿಂದ ಬೀಳುವ ಒತ್ತಡಕ್ಕೆ, ಅಂದರೆ ಹೋಲ್‌ಸ್ಟರ್, ಕಾರಿನ ಸೀಟ್ ಬೆಲ್ಟ್, ಬೆಂಚು ಇವುಗಳಿಗೆ, ಅದು ಬಗ್ಗುವುದಿಲ್ಲ. ಕೆಳಮುಖವಾಗಿ ಬೆರಳು ಒತ್ತಿದರೆ ಮಾತ್ರ ಬಿಡುತ್ತದೆ. ನಮ್ಮ ಮಟ್ಟಿಗೆ ಅದರ ದೊಡ್ಡ ಗುಣ ಇದೇ.

ಇನ್ನು ಕೈಯ ಅಳತೆ. ಸಣ್ಣ ಕೈಯವರು, ಅದರಲ್ಲೂ ಹದಿಹರೆಯದ ಮಕ್ಕಳು, ಬಲಹೆಬ್ಬೆರಳಿನಿಂದ ಬಟನ್ ಮುಟ್ಟಬೇಕಾದರೆ ಪಿಸ್ತೂಲನ್ನು ಅಂಗೈಯಲ್ಲಿ ತುಸು ತಿರುಗಿಸಲೇಬೇಕು. ಹಿಡಿತ ಬಿಟ್ಟುಹೋಗುತ್ತದೆ, ಅದರ ಜೊತೆಗೆ ನಳಿಗೆಯ ಬಾಯಿಯೂ ಪಕ್ಕದ ಲೇನಿನ ಕಡೆ ವಾಲುತ್ತದೆ. ರೇಂಜಿನಲ್ಲಿ ನಮ್ಮ ಕಣ್ಣು ಹೋಗುವುದು ಮೊದಲು ಅಲ್ಲಿಗೆ. ಪ್ಯಾಡಲನ್ನು ನಡುಬೆರಳಿನಿಂದಲೋ ತೋರುಬೆರಳಿನಿಂದಲೋ ಹಿಡಿತ ಕದಲದಂತೆ ಒತ್ತಬಹುದು. ತೋರುಬೆರಳು ಬಳಸಿದರೆ ಅದು ಟ್ರಿಗರಿನಿಂದ ಹೊರಗೆ ಬರಲೇಬೇಕು, ಅದೊಂದು ಲಾಭ. ಆದರೆ ವಾಪಸ್ ಹೋಗುವಾಗ ಅಭ್ಯಾಸಬಲದಿಂದ ನೇರ ಟ್ರಿಗರಿನ ಮೇಲೇ ಕೂರುವುದೂ ಉಂಟು. ಆದ್ದರಿಂದ ನಡುಬೆರಳನ್ನೇ ಪಳಗಿಸಿ, ತೋರುಬೆರಳು ಫ್ರೇಮಿನ ಪಕ್ಕದಲ್ಲಿ ನೇರವಾಗಿರಲಿ ಎಂಬುದು ನಮ್ಮ ಸಲಹೆ. ಬಟನ್‌ಗೆ ಒಗ್ಗಿದವರಿಗೆ ಪ್ಯಾಡಲ್ ಮೊದಮೊದಲು ಕೈಗೆ ಸಿಗುವುದೇ ಇಲ್ಲ, ಬೆವರಿದ ಬೆರಳು ಜಾರುವುದೂ ಇದೆ. ಒಂದೇ ಬಗೆಯಲ್ಲಿ ಅಭ್ಯಾಸ ಮಾಡಿದರೆ ಆ ತೊಡಕು ಹೋಗುತ್ತದೆ.

ಎಡಗೈಯವರಿಗೆ ಎರಡೂ ಬದಿಯ ಪ್ಯಾಡಲ್ ನೇರ ಅನುಕೂಲ. ಬಟನ್ ಪಿಸ್ತೂಲಿನಲ್ಲಿ ಕ್ಯಾಚನ್ನು ಬಲಬದಿಗೆ ಬದಲಿಸಬಹುದಾದ ಮಾದರಿಗಳಿವೆ, ಗ್ಲಾಕ್ ನಾಲ್ಕನೇ ತಲೆಮಾರಿನಂತೆ. ಆದರೆ ಹಳೆಯ ತಲೆಮಾರಿನ ಮ್ಯಾಗಜಿನ್ನುಗಳಿಗೆ ಒಂದೇ ಬದಿ ಕಚ್ಚು. ಕ್ಯಾಚ್ ಬಲಕ್ಕೆ ಹೋದರೆ ಅವು ನಿಲ್ಲುವುದಿಲ್ಲ. ಗ್ಲಾಕ್‌ನ ಪ್ಲಾಸ್ಟಿಕ್ ಹೊದಿಕೆಯ ಮ್ಯಾಗಜಿನ್ನಿಗೆ ಹೊರಗಿನ ಕಂಪನಿಯ ಲೋಹದ ಕ್ಯಾಚ್ ಹಾಕಿಸಿದರೆ ಕಚ್ಚು ಸವೆಯುತ್ತದೆ, ಅದೂ ಗಮನದಲ್ಲಿರಲಿ. ಬದಲಿಸದೆಯೂ ಅನೇಕ ಎಡಗೈಯವರು ಎಡಬದಿಯ ಬಟನ್ನನ್ನು ತೋರುಬೆರಳಿನಿಂದಲೇ ಒತ್ತುತ್ತಾರೆ, ಚೆನ್ನಾಗಿಯೇ ನಡೆಯುತ್ತದೆ. ಕ್ಯಾಚ್, ಸ್ಪ್ರಿಂಗ್‌ನಂಥ ಕೆಲಸವನ್ನು ಪರವಾನಗಿ ಇರುವ ಆರ್ಮರರ್ (ಆಯುಧ ರಿಪೇರಿ ಮಾಡುವವರು) ಕೈಯಲ್ಲೇ ಮಾಡಿಸಿ.

‘ಮ್ಯಾಗಜಿನ್ ತಾನಾಗಿ ಬೀಳುವುದಿಲ್ಲ, ಬಟನ್ ಕೆಟ್ಟಿದೆ’ ಎಂಬ ದೂರು ಬಂದಾಗ ಕ್ಯಾಚನ್ನೇ ದೂರಬೇಡಿ. ಹೈ-ಪವರ್‌ನಲ್ಲಿ, ಮ್ಯಾಗಜಿನ್ ಇಲ್ಲದಿದ್ದರೆ ಟ್ರಿಗರ್ ಕೆಲಸ ಮಾಡದಂತೆ ತಡೆಯುವ ಒಂದು ಭಾಗವಿದೆ. ಅದು ಮ್ಯಾಗಜಿನ್ನಿನ ಮುಂಭಾಗವನ್ನು ಒತ್ತಿ ಹಿಡಿಯುವುದರಿಂದ ಬಟನ್ ಬಿಟ್ಟರೂ ಮ್ಯಾಗಜಿನ್ ತಡೆದು ನಿಲ್ಲುತ್ತದೆ. ಇಶಾಪುರದ ಕಾರ್ಖಾನೆಯ 9 ಎಂಎಂ 1ಎ ಇದೇ ವಿನ್ಯಾಸದ್ದು. ಬೇರೆ ಪಿಸ್ತೂಲುಗಳಲ್ಲಿ ಹಿಡಿಯೊಳಗೆ ಮ್ಯಾಗಜಿನ್ ಕೂರುವ ಬಾವಿಯಲ್ಲಿ ಕೂತ ಕೊಳೆ, ನಗ್ಗಿದ ತಗಡು, ಬುಡವನ್ನು ಒತ್ತಿ ಹಿಡಿದ ನಮ್ಮದೇ ಅಂಗೈ, ಇವೇ ಸಾಮಾನ್ಯ ಕಾರಣ. .22ರ ಮೇಣ ಹಚ್ಚಿದ ಸೀಸದ ಗುಂಡಿನ ಮಡ್ಡಿ ಬೇಗ ಕಟ್ಟುತ್ತದೆ. ಒಣ ಬಟ್ಟೆಯಲ್ಲಿ ಒರೆಸಿ, ಎಣ್ಣೆ ಸುರಿಯಬೇಡಿ.

ಕೊಳ್ಳುವ ಮೊದಲು ಹೀಗೆ ಪರೀಕ್ಷಿಸಿ. ಪಿಸ್ತೂಲು ಖಾಲಿಯೆಂದು ಇಬ್ಬರು ನೋಡಲಿ. ಮ್ಯಾಗಜಿನ್ನಿಗೆ ಐದು ಡಮ್ಮಿ ಗುಂಡು ತುಂಬಿ ಕೂರಿಸಿ. ಗುರಿಯ ಹಿಡಿತದಲ್ಲೇ, ಒಂದೇ ಕೈಯಲ್ಲಿ, ನಳಿಗೆಯ ಬಾಯಿ ಗುರಿಹಲಗೆಯ ಕಡೆಗಿಟ್ಟು ಬಿಡಿಸಿ. ಬಾಯಿ ವಾಲಿತೇ, ಹಿಡಿತ ಕದಲಿತೇ ಎಂದು ಪಕ್ಕದವರು ಹೇಳಲಿ. ಬಳಿಕ ಮ್ಯಾಗಜಿನ್ ಮತ್ತೆ ಕೂರಿಸಿ, ಹಿಡಿಯನ್ನು ಬೇಕೆಂದೇ ಬಿಗಿಯಾಗಿ ಹಿಸುಕಿ. ಆಗ ಮ್ಯಾಗಜಿನ್ ಅಲ್ಲಾಡಿದರೆ ಆ ಪಿಸ್ತೂಲು ನಿಮ್ಮ ಕೈಗಲ್ಲ. ಹೆಬ್ಬೆರಳು ಸಲೀಸಾಗಿ ಎಟುಕಿದರೆ ಬಟನ್ ತೆಗೆದುಕೊಳ್ಳಿ, ಎಟುಕದಿದ್ದರೆ ಉದ್ದದ ಬಟನ್ ಹಾಕಿಸುವ ಬದಲು ಪ್ಯಾಡಲ್ ಹುಡುಕಿ.

ಚುನಾವಣೆ ಘೋಷಣೆಯಾದಾಗ ಪರವಾನಗಿದಾರರು ಆಯುಧಗಳನ್ನು ಠಾಣೆಗೆ ಒಪ್ಪಿಸಬೇಕೆಂಬ ಸೂಚನೆ ನಿಮ್ಮ ಪತ್ರಿಕೆಯಲ್ಲೂ ಬರುತ್ತದೆ. ಅದರ ಜೊತೆ ಖಾಲಿ ಮಾಡುವ ಕ್ರಮವನ್ನೂ ದಯವಿಟ್ಟು ಪ್ರಕಟಿಸಿ. ಬಟನ್ ಇರಲಿ, ಪ್ಯಾಡಲ್ ಇರಲಿ, ಹಿಡಿಯ ಬುಡದ ಹಳೆಯ ಕ್ಯಾಚ್ ಇರಲಿ, ಬೆರಳು ಟ್ರಿಗರಿನಿಂದ ಹೊರಗಿಟ್ಟು ಮೊದಲು ಮ್ಯಾಗಜಿನ್ ತೆಗೆಯಬೇಕು, ಆಮೇಲೆ ಸ್ಲೈಡ್ ಎಳೆಯಬೇಕು. ಹಿಂದುಮುಂದಾದರೆ ಒಂದು ಗುಂಡು ಹೊರಗೆ ಬಿದ್ದು ಇನ್ನೊಂದು ಚೇಂಬರಿಗೆ ಹೋಗುತ್ತದೆ; ಬಳಿಕ ಮ್ಯಾಗಜಿನ್ ತೆಗೆದು ‘ಖಾಲಿ’ ಎಂದುಕೊಂಡವರ ಕೈಯಲ್ಲಿ ತುಂಬಿದ ಪಿಸ್ತೂಲು ಉಳಿಯುತ್ತದೆ. ಸ್ಲೈಡ್ ಹಿಂದಕ್ಕೆ ಲಾಕ್ ಮಾಡಿ, ಚೇಂಬರನ್ನು ಕಣ್ಣಿನಿಂದಲೂ ಕಿರುಬೆರಳಿನಿಂದಲೂ ನೋಡಿ, ಮ್ಯಾಗಜಿನ್ನನ್ನು ಬೇರೆಯಾಗಿಯೇ ಒಪ್ಪಿಸಬೇಕು.

ಇತಿ,
ಪಿಸ್ತೂಲ್ ತರಬೇತುದಾರರು,
ಬೆಂಗಳೂರು