ಸುತ್ತುನಿಧಿ ಸುತ್ತಬೇಕಾದರೆ: ಉತ್ತರ ಕನ್ನಡ ಜಿಲ್ಲಾ ಪಂಚಾಯತ್ ಸಿಇಒ ಅವರಿಗೆ ಬಹಿರಂಗ ಪತ್ರ

ಮಾನ್ಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳಿಗೆ,
ಜಿಲ್ಲಾ ಪಂಚಾಯತ್, ಕಾರವಾರ

ಕರಾವಳಿ ತಾಲೂಕುಗಳ ಸಣ್ಣ ಉದ್ದಿಮೆಗಳಿಗೆ ಸುತ್ತುನಿಧಿ, ಅಂದರೆ ಒಬ್ಬರು ತೀರಿಸಿದ ಸಾಲದ ಹಣವನ್ನೇ ಮತ್ತೊಬ್ಬರಿಗೆ ಸಾಲ ಕೊಡುತ್ತ ಹೋಗುವ ನಿಧಿ, ಬೇಕೆಂದು ಕೇಳುತ್ತಿದ್ದೇವೆ. ಯಂತ್ರಕ್ಕೆ ಸಾಲ ಹೇಗೋ ಸಿಗುತ್ತದೆ. ಮುದ್ರಾ ಸಾಲ ಇದೆ, ಕಿರು ಆಹಾರ ಉದ್ದಿಮೆಗಳಿಗೆಂದು ಕೇಂದ್ರ 2020ರಲ್ಲಿ ಶುರು ಮಾಡಿದ ಪಿಎಂಎಫ್‌ಎಂಇ ಯೋಜನೆಯಲ್ಲಿ ಯೋಜನಾ ವೆಚ್ಚದ ಶೇ. 35ರಷ್ಟು, ಗರಿಷ್ಠ 10 ಲಕ್ಷ ರೂ. ಸಹಾಯಧನ ಇದೆ. ಹಂಗಾಮಿನಲ್ಲಿ ಕಚ್ಚಾಮಾಲು ಕೊಳ್ಳಲು ಮಾತ್ರ ದುಡ್ಡು ಹುಟ್ಟುವುದಿಲ್ಲ.

ಮುರುಗಲನ್ನೇ (ಕೋಕಂ) ನೋಡಿ. ಹಣ್ಣು ಏಪ್ರಿಲ್-ಮೇ ತಿಂಗಳದ್ದು. ಹೆಚ್ಚು ದಿನ ಇಡಲಾಗದು, ತಂದವರಿಗೆ ಅಲ್ಲೇ ನಗದು ಕೊಡಬೇಕು. ಸಿಪ್ಪೆಗೆ ಉಪ್ಪು ಹಚ್ಚಿ ಒಣಗಿಸುವುದು, ಸಕ್ಕರೆ ಬೆರೆಸಿ ಪಾಕ ಇಳಿಸುವುದು, ಕೂಲಿ, ಬಾಟಲಿ ಎಲ್ಲ ಮಳೆ ಹಿಡಿಯುವುದರೊಳಗೆ ಮುಗಿಯಬೇಕು. ಶರಬತ್ತಿಗೆ ಗಿರಾಕಿ ಏಳುವುದೋ ಮುಂದಿನ ಬೇಸಿಗೆಗೆ. ಏಪ್ರಿಲ್‌ನಲ್ಲಿ ಸಾಲ ಕೊಟ್ಟು ಮೇ ತಿಂಗಳಿಂದಲೇ ಕಂತು ಕಟ್ಟಿ ಎಂದರೆ ಹಣ್ಣಿನ ದುಡ್ಡೇ ಕಂತಿಗೆ ಹೋಗುತ್ತದೆ. ಅಲ್ಲಿಂದ ಮುಂದೆ ವಾರದ ಕಂತಿನ ಮೈಕ್ರೋಫೈನಾನ್ಸ್ ಸಾಲ. ಮುರುಗಲಿಗೆ ಮೊದಲ ಕಂತು ನವೆಂಬರ್‌ನಲ್ಲಿ, ದೊಡ್ಡ ಕಂತು ಮಾರ್ಚ್ ನಂತರ ಇರಬೇಕು.

ಒಣಮೀನಿನ ಲೆಕ್ಕ ಬೇರೆ. ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಿಷೇಧ. ಆ ದಿನಗಳಿಗೆಂದು ಹೆಂಗಸರು ಬೇಸಿಗೆಯಲ್ಲೇ ಒಣಗಿಸಿಟ್ಟ ಮಾಲು ಮಳೆಗಾಲದ ಸಂತೆಯಲ್ಲಿ ಖರ್ಚಾಗುತ್ತದೆ. ಅವರು ಆಗಸ್ಟ್ ಒಳಗೆ ಸಾಲ ತೀರಿಸಬಲ್ಲರು. ಮರಳಿದ ಹಣವನ್ನು ಅಕ್ಟೋಬರ್‌ನಿಂದ ಗೋಕರ್ಣ, ಮುರ್ಡೇಶ್ವರದ ಕಡೆ ಪ್ರವಾಸಿಗರನ್ನು ನಂಬಿದ ಅಂಗಡಿ, ಖಾನಾವಳಿಗಳಿಗೆ ಕೊಟ್ಟರೆ ಮಾರ್ಚ್ ಹೊತ್ತಿಗೆ ಮತ್ತೆ ಕೈಯಲ್ಲಿರುತ್ತದೆ. ಬರೀ ಮುರುಗಲಿಗೇ ಕೊಟ್ಟ ಹಣ ವರ್ಷಕ್ಕೊಮ್ಮೆ ತಿರುಗೀತು, ಇದು ಎರಡು ಸಲ. ಆದ್ದರಿಂದ ನಿಧಿಯನ್ನು ಒಂದೇ ಕಸುಬಿಗೆ ಕಟ್ಟಿಹಾಕಬೇಡಿ.

ಬಡ್ಡಿ ಶೇ. 4 ಇರಲಿ ಎನ್ನುವವರಿದ್ದಾರೆ. ಕೇಳಲು ಚೆನ್ನ. 40 ಲಕ್ಷದ ನಿಧಿಯಲ್ಲಿ ಸರಾಸರಿ 34 ಲಕ್ಷ ಹೊರಗಿದೆ ಎಂದಿಟ್ಟುಕೊಳ್ಳಿ. ಶೇ. 4ಕ್ಕೆ ಬರುವುದು 1.36 ಲಕ್ಷ. ಊರೂರು ತಿರುಗಿ ವಸೂಲಿ ನೋಡುವ ಒಬ್ಬರಿಗೆ ತಿಂಗಳಿಗೆ 18,000 ಕೊಟ್ಟರೂ ವರ್ಷಕ್ಕೆ 2.16 ಲಕ್ಷ. ಉಳಿದ 80,000 ಅಸಲಿನಿಂದ ಹೋಗುತ್ತದೆ. ಶೇ. 8 ಇಟ್ಟರೆ 2.72 ಲಕ್ಷ, ಸಂಬಳ ಕಳೆದು 56,000 ಮಿಕ್ಕು, ಮುಳುಗುವ ಸಾಲಕ್ಕೆ ಆಗುತ್ತದೆ. ಬಡ್ಡಿಯ ಲೆಕ್ಕ ಉಳಿದ ಬಾಕಿಯ ಮೇಲಿರಲಿ, ಕಂತು ಕಟ್ಟುತ್ತ ಹೋದರೂ ಮೊದಲಿನ ಪೂರ್ತಿ ಸಾಲದ ಮೇಲೇ ಬಡ್ಡಿ ಹಾಕುವ ಫ್ಲಾಟ್ ಬೇಡ. ಫ್ಲಾಟ್ ಶೇ. 12ರ ಒಂದು ವರ್ಷದ ಮಾಸಿಕ ಕಂತಿನ ಸಾಲ ನಿಜದಲ್ಲಿ ಶೇ. 21 ದಾಟುತ್ತದೆ ಎಂಬುದು ಸಾಲ ತೆಗೆದ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ.

ನಡೆಸಲು ಹೊಸ ಕಚೇರಿ ಬೇಕಿಲ್ಲ. ಮಹಿಳಾ ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟಗಳಿವೆ. ಪಿಎಂಎಫ್‌ಎಂಇಯಲ್ಲಿ ಸಂಘದ ಸದಸ್ಯೆಗೆ 40,000 ರೂ.ವರೆಗೆ ಬರುವ ಬೀಜಧನವೂ ಮರಳಿ ಬರಬೇಕಾದ ಸಾಲವೇ. ಆದರೆ ಬೀಜಧನದ ಖಾತೆ, ಈ ನಿಧಿಯ ಖಾತೆ ಬೇರೆ ಬೇರೆ ಇರಲಿ.

ನಿಧಿ ಕೆಡುವುದು ಹೆಚ್ಚಾಗಿ ಆದೇಶದ ಭಾಷೆಯಿಂದ. ಮಾರ್ಚ್ 31ಕ್ಕೆ ಉಳಿದ ಹಣ ವಾಪಸ್ ಎಂದಿದ್ದರೆ ಕೊನೇ ವಾರ ಸಿಕ್ಕವರಿಗೆಲ್ಲ ಸಾಲ. ಹಳೇ ಬಾಕಿಯನ್ನು ಹೊಸ ಸಾಲದಲ್ಲಿ ಮುಚ್ಚಿದರೆ ವಸೂಲಿ ಶೇ. 100 ಎಂದು ಕಾಣುತ್ತದೆ, ಪೆಟ್ಟಿಗೆ ಖಾಲಿ. ಇವೆರಡನ್ನೂ ಆದೇಶದಲ್ಲೇ ತಡೆಯಿರಿ. 90 ದಿನ ದಾಟಿದ ಬಾಕಿಯ ಮೊತ್ತವನ್ನು ಹೆಸರಿಲ್ಲದೆ ಪ್ರತಿ ತಿಂಗಳು ಪಂಚಾಯಿತಿ ಫಲಕಕ್ಕೆ ಹಾಕಿಸಿ. ಶಾಸಕರ ಶಿಫಾರಸು ಪತ್ರ ಕಡತ ಸೇರದಿರಲಿ. ವೇದಿಕೆ ಮೇಲೆ ಆಳೆತ್ತರದ ಚೆಕ್ ಹಂಚುವುದೂ ಬೇಡ. ಹಾರ ಹಾಕಿಸಿಕೊಂಡು ಪಡೆದ ದುಡ್ಡನ್ನು ಜನ ಅನುದಾನವೆಂದೇ ತಿಳಿಯುತ್ತಾರೆ.

ಉದ್ಯೋಗ ಎಷ್ಟು ಸೃಷ್ಟಿಯಾಯಿತು ಎಂಬ ಕಾಲಂಗೆ ಏನು ಬೇಕಾದರೂ ತುಂಬಬಹುದು. ಅದರ ಬದಲು ಸಾಲಕ್ಕೆ ಮುಂಚೆ ಮತ್ತು ನಂತರ ಎಷ್ಟು ಆಳು-ದಿನದ ಕೂಲಿ ಕೊಟ್ಟರು ಎಂದು ಹಾಜರಿ ಪುಸ್ತಕ ನೋಡಿ ಬರೆಸಿ.

ಏಪ್ರಿಲ್ ಮೊದಲ ವಾರ ದುಡ್ಡು ಕೈ ಸೇರಬೇಕಾದರೆ ಜನವರಿಯಲ್ಲಿ ಅರ್ಜಿ, ಫೆಬ್ರವರಿಯಲ್ಲಿ ಸ್ಥಳ ಪರಿಶೀಲನೆ ಆಗಬೇಕು. ಆದೇಶ ದೀಪಾವಳಿಯೊಳಗೆ ಹೊರಬೀಳಲಿ.

ಇತಿ,
ಕುಮಟಾ, ಹೊನ್ನಾವರ, ಅಂಕೋಲಾ ಭಾಗದ ಸಣ್ಣ ಉದ್ದಿಮೆದಾರರು ಮತ್ತು ಸ್ವಸಹಾಯ ಸಂಘಗಳ ಲೆಕ್ಕ ನೋಡುವವರು