ಐದೂವರೆ ಗುಂಟೆಯ ಚುಕ್ಕೆಗಳಿಗೆ ನಾನು ಋಣಿ

ಹೋದ ಗುರುವಾರ ಧಾರವಾಡದಲ್ಲಿ ನನ್ನ ಪಿಎಚ್‌ಡಿ ವೈವಾ ಮುಗಿಯಿತು. ಅವತ್ತಿನಿಂದ ಫೋನು, ಮೆಸೇಜು ಬರುತ್ತಲೇ ಇವೆ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯಲು ಆಗಲಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಹೇಳಬೇಕಾದ್ದು ಜಾಸ್ತಿ ಇದೆ. ಅದಕ್ಕೇ ಎಲ್ಲರಿಗೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ವಿಷಯ ಗೊತ್ತಿಲ್ಲದವರಿಗೆ ಎರಡು ಮಾತು. ಹಾನಗಲ್ಲಿನಿಂದ ಸವಣೂರಿನ ಕಡೆಗೆ ಹೋದರೆ ದಾರಿಯುದ್ದಕ್ಕೂ ಹಳೆಯ ಕೆರೆಗಳು ಸಿಗುತ್ತವೆ. ಮಳೆಗಾಲ ಮುಗಿದ ಮೇಲೆ ಅವುಗಳಲ್ಲಿ ನೀರು ಎಲ್ಲಿಯವರೆಗೆ ಹರಡುತ್ತದೆ, ಬೇಸಿಗೆಗೆ ಎಲ್ಲಿಗೆ ಸರಿಯುತ್ತದೆ, ಇಪ್ಪತ್ತೈದು ವರ್ಷದಲ್ಲಿ ಇದು ಹೇಗೆ ಬದಲಾಗಿದೆ ಅಂತ ಉಪಗ್ರಹದ ಚಿತ್ರಗಳಿಂದ ಅಳೆದಿದ್ದೇನೆ. ನಾಲ್ಕು ವರ್ಷದಲ್ಲಿ ಮುಗಿಸಬೇಕು ಅಂದುಕೊಂಡದ್ದು ಏಳು ವರ್ಷ ಹಿಡಿಯಿತು.

ವೈವಾ ದಿನ ರಾತ್ರಿ ಊಟಕ್ಕೆ ಕೂತಾಗ ನನ್ನ ತಮ್ಮ ಕೇಳಿದ. "ಅಕ್ಕಾ, ಇಸ್ರೋದವ್ರು ಚಂದ್ರನ ಮ್ಯಾಲೆ ಇಳಿಸಿದ್ರು, ಖರೆ. ನಿನ್ನ ಕೆರಿಗೆ ಅವ್ರು ಏನ್ ಮಾಡ್ಯಾರ?"

ಪರೀಕ್ಷಕರು ಕೇಳಿದ ಎಲ್ಲ ಪ್ರಶ್ನೆಗಿಂತ ಇದು ಒಳ್ಳೆಯ ಪ್ರಶ್ನೆ ಅನಿಸಿತು. ನನ್ನ ಮೊದಲ ನಮಸ್ಕಾರ ಇಸ್ರೋದವರಿಗೆ. ಯಾಕೆ ಅಂತ ಅವನಿಗೆ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತೇನೆ.

2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಇಳಿದಾಗ ಹಾಸ್ಟೆಲ್ಲಿನ ಟಿವಿ ಮುಂದೆ ನಾವೆಲ್ಲ ಕುಣಿದಿದ್ದೆವು. ಆ ಖುಷಿ ದೊಡ್ಡದೇ. ಆದರೆ ನನ್ನಂಥವರ ಬದುಕನ್ನು ಹಿಡಿದೆತ್ತಿದ ಕೆಲಸ ಟಿವಿಯಲ್ಲಿ ಬರುವಂಥದ್ದಲ್ಲ. ಒಂದೇ ಥರದ ಕ್ಯಾಮೆರಾವನ್ನು ಉಪಗ್ರಹದ ಮೇಲೆ ಉಪಗ್ರಹದಲ್ಲಿ, ದಶಕಗಟ್ಟಲೆ, ಬಿಡದೆ ಮೇಲಕ್ಕೆ ಕಳಿಸಿದರಲ್ಲ, ಅದು. ತೆಗೆದ ಚಿತ್ರಗಳನ್ನು ಕಳೆಯದೆ ಇಟ್ಟರಲ್ಲ, ಅದು.

1988ರ ಮಾರ್ಚ್‌ನಲ್ಲಿ ಐಆರ್‌ಎಸ್-1ಎ ಉಪಗ್ರಹ ಆಗಿನ ಸೋವಿಯತ್ ಒಕ್ಕೂಟದ ಬೈಕನೂರಿನಿಂದ ಮೇಲೆ ಹೋಯಿತು. ನಮ್ಮ ನೆಲ, ಬೆಳೆ, ನೀರನ್ನು ನೋಡಲೆಂದೇ ನಾವು ಮಾಡಿಕೊಂಡ ಉಪಗ್ರಹಗಳ ಸಾಲು ಶುರುವಾಗಿದ್ದು ಅಲ್ಲಿಂದ. 1995ರ ಡಿಸೆಂಬರ್‌ನಲ್ಲಿ ಐಆರ್‌ಎಸ್-1ಸಿ ಹೋದಾಗ ಅದರಲ್ಲಿ ಲಿಸ್-3 ಅನ್ನುವ ಕ್ಯಾಮೆರಾ ಇತ್ತು. 1997ರ 1ಡಿಯಲ್ಲೂ ಅದೇ. 2003ರ ರಿಸೋರ್ಸ್‌ಸ್ಯಾಟ್-1, 2011ರ ರಿಸೋರ್ಸ್‌ಸ್ಯಾಟ್-2, 2016ರ 2ಎ, ಎಲ್ಲದರಲ್ಲೂ ಲಿಸ್-3. ನಾನು ಬಾಲವಾಡಿಗೆ ಹೋಗುವ ಮುಂಚಿನ ಕೆರೆಯನ್ನೂ ಹೋದ ವರ್ಷದ ಕೆರೆಯನ್ನೂ ಒಂದೇ ಅಳತೆಗೋಲಿನಲ್ಲಿ ಅಳೆಯಲು ಸಾಧ್ಯವಾಗಿದ್ದು ಇದರಿಂದ. ಹೊಸದು ಮಾಡುವುದಕ್ಕೆ ಹುಮ್ಮಸ್ಸು ಇರುತ್ತದೆ. ಇದ್ದದ್ದನ್ನೇ ಮತ್ತೆ ಅಷ್ಟೇ ಅಚ್ಚುಕಟ್ಟಾಗಿ ಮಾಡಿ ಕಳಿಸಲು ತಾಳ್ಮೆ ಬೇಕು. ಆ ತಾಳ್ಮೆಯ ಮೇಲೆ ನನ್ನ ಇಡೀ ಥೀಸಿಸ್ ನಿಂತಿದೆ.

ಲಿಸ್-3 ಚಿತ್ರದ ಒಂದು ಚುಕ್ಕೆ ನೆಲದ ಮೇಲೆ 23.5 ಮೀಟರ್ ಉದ್ದ, 23.5 ಮೀಟರ್ ಅಗಲ. ನಮ್ಮ ಲೆಕ್ಕದಲ್ಲಿ ಸುಮಾರು ಐದೂವರೆ ಗುಂಟೆ. ಅಪ್ಪನಿಗೆ ಇದನ್ನು ಹೇಳಿದಾಗ ಅವನಿಗೆ ತಕ್ಷಣ ತಿಳಿಯಿತು. "ಅಂದ್ರ ನಮ್ಮ ಹೊಲ ಏಳೆಂಟು ಚುಕ್ಕಿ ಆಕ್ಕೈತಿ" ಅಂದ. ಒಂದೆಕರೆ ಹೊಲ ನಮ್ಮದು. 40 ಗುಂಟೆಗೆ ಏಳು ಚುಕ್ಕೆ ಮತ್ತು ಸ್ವಲ್ಪ. ಲೆಕ್ಕ ಸರಿ ಇತ್ತು. ಆಮೇಲೆ ಥೀಸಿಸ್‌ನಲ್ಲಿ ಯಾವ ಕೆರೆಯ ಮಾತು ಬಂದರೂ ಅಪ್ಪ ಕೇಳುತ್ತಿದ್ದದ್ದು ಒಂದೇ, "ಎಷ್ಟು ಚುಕ್ಕಿ?"

ಈ ಚಿತ್ರಗಳಲ್ಲಿ ಹಸಿರು ಬೆಳೆ ಕೆಂಪಗೆ ಕಾಣುತ್ತದೆ, ನೀರು ಕಪ್ಪಗೆ. ಮೊದಲ ಸಲ ನೋಡಿದವರಿಗೆ ವಿಚಿತ್ರ ಅನಿಸುತ್ತದೆ. ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಚೆನ್ನಾಗಿರುವ ಎಲೆ ಜೋರಾಗಿ ವಾಪಸ್ ಕಳಿಸುತ್ತದೆ, ನೀರು ಅದನ್ನು ನುಂಗಿಬಿಡುತ್ತದೆ. ಆ ಬೆಳಕಿಗೆ ಕೆಂಪು ಬಣ್ಣ ಕೊಟ್ಟು ಚಿತ್ರ ಮಾಡುತ್ತಾರೆ, ಅದಕ್ಕೆ ಹಾಗೆ. 1970ರ ಸುಮಾರಿಗೆ ವಿಜ್ಞಾನಿ ಪಿ.ಆರ್. ಪಿಶಾರೋಟಿಯವರ ತಂಡ ಕೇರಳದ ತೆಂಗಿನ ತೋಟಗಳ ಮೇಲೆ ಹೆಲಿಕಾಪ್ಟರ್‌ನಲ್ಲಿ ಹಾರಿ, ಇದೇ ಅವಕೆಂಪು ಫಿಲ್ಮಿನಲ್ಲಿ ಫೋಟೋ ತೆಗೆದು ರೋಗ ಬಿದ್ದ ಮರಗಳನ್ನು ಗುರುತಿಸಿತ್ತು. ನಮ್ಮಲ್ಲಿ ದೂರಸಂವೇದನೆ, ಅಂದರೆ ದೂರದಿಂದಲೇ ನೆಲವನ್ನು ನೋಡಿ ತಿಳಿಯುವ ಕೆಲಸ, ಶುರುವಾಗಿದ್ದೇ ರೈತನ ಮರವನ್ನು ಮೇಲಿನಿಂದ ನೋಡಿ. ಇದನ್ನು ಓದಿದ ದಿನ ನಾನು ಸರಿಯಾದ ಕಡೆ ಬಂದಿದ್ದೇನೆ ಅನಿಸಿತ್ತು.

ಆದರೆ ಮೇಲಿನಿಂದ ನೋಡಿದ್ದೆಲ್ಲ ನಿಜವಲ್ಲ. ಅದನ್ನು ಕಲಿಸಿದ್ದು ಸವಣೂರಿನ ಎರೆಹೊಲಗಳು. ಮಳೆ ಬಿದ್ದ ಮಾರನೇ ದಿನದ ಎರೆಮಣ್ಣು ಎಷ್ಟು ಕಪ್ಪು ಅಂದರೆ ನನ್ನ ಮೊದಲ ನಕ್ಷೆಯಲ್ಲಿ ಅರ್ಧ ತಾಲೂಕು ಕೆರೆಯಾಗಿತ್ತು. ಅವಕೆಂಪಿನಲ್ಲೇ ಇನ್ನೂ ಆಚೆಗಿರುವ ಇನ್ನೊಂದು ಬೆಳಕಿನ ಪಟ್ಟಿಯನ್ನು ಸೇರಿಸಿ ನೋಡಿದ ಮೇಲೆ ನೀರು ಬೇರೆ, ಒದ್ದೆ ಎರೆ ಬೇರೆ ಆಯಿತು. ಕಾರ್ಟೋಸ್ಯಾಟ್-1 ಉಪಗ್ರಹ ಎರಡು ಕ್ಯಾಮೆರಾಗಳಿಂದ, ಎರಡು ಕೋನದಲ್ಲಿ ನೋಡಿ ಮಾಡಿದ ನೆಲದ ಏರುತಗ್ಗಿನ ನಕ್ಷೆಯೂ ಕೈಹಿಡಿಯಿತು. ಕೆರೆ ತಗ್ಗಿನಲ್ಲೇ ಇರಬೇಕು ತಾನೇ? ಇಳಿಜಾರಿನ ಮೇಲೆ ಕಂಡ ಕಪ್ಪನ್ನೆಲ್ಲ ಅಳಿಸುತ್ತಾ ಹೋದೆ.

ಇನ್ನು ಮೋಡ. ಹಾನಗಲ್ ಅಂದರೆ ಮಲೆನಾಡಿನ ಸೆರಗು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಿತ್ರ ತೆರೆದರೆ ಬರೀ ಬಿಳಿ. ಒಂದು ಉಪಗ್ರಹದ ಲಿಸ್-3 ಅದೇ ಜಾಗಕ್ಕೆ ವಾಪಸ್ ಬರುವುದು 24 ದಿನಕ್ಕೊಮ್ಮೆ. ಅವತ್ತು ಮೋಡ ಇದ್ದರೆ ಹೋಯಿತು. ಅಂಥ ಕಡೆ 2012ರಲ್ಲಿ ಹಾರಿಸಿದ ರಿಸ್ಯಾಟ್-1ರ ರೇಡಾರ್ ಚಿತ್ರಗಳು ನನ್ನನ್ನು ಉಳಿಸಿದವು. ರೇಡಾರಿಗೆ ಮೋಡವೂ ಲೆಕ್ಕಕ್ಕಿಲ್ಲ, ಕತ್ತಲೆಯೂ ಇಲ್ಲ.

ಈಗ ಒಬ್ಬ ಅಜ್ಜನ ಮಾತಿಗೆ ಬರುತ್ತೇನೆ. ಇವರಿಗೆ ನಮಸ್ಕಾರ ಹೇಳದಿದ್ದರೆ ಈ ಬರಹಕ್ಕೆ ಅರ್ಥವೇ ಇಲ್ಲ.

2019ರಲ್ಲಿ ನೆರೆ ಬಂದು ಹೋದ ಮೇಲೆ, ಚಳಿಗಾಲದಲ್ಲಿ, ನಕ್ಷೆ ಹಿಡಿದು ಊರೂರು ತಿರುಗುತ್ತಿದ್ದೆ. ಚಿತ್ರದಲ್ಲಿ ಕಂಡದ್ದು ನೆಲದ ಮೇಲೆ ಹೌದೋ ಅಲ್ಲವೋ ನೋಡಬೇಕಲ್ಲ. ಹಾನಗಲ್ ತಾಲೂಕಿನ ಒಂದು ಊರಿನ ಕೆರೆ ಏರಿಯ ಮೇಲೆ ಒಬ್ಬ ಅಜ್ಜ ಎಮ್ಮೆ ಮೇಯಿಸುತ್ತಾ ಕೂತಿದ್ದರು. ಒಂದು ಕಾಲದಲ್ಲಿ ಆ ಕೆರೆಯ ತೂಬು ತೆಗೆದು ಗದ್ದೆಗೆ ನೀರು ಬಿಡುವ ಕೆಲಸ ಅವರದೇ ಇತ್ತಂತೆ.

"ಏನ್ ಹುಡುಕಾಕತ್ತಿ ಯವ್ವಾ?" ಅಂದರು.

ಹೇಳಿದೆ. ನಕ್ಷೆ ಬಿಚ್ಚಿ ತೋರಿಸಿದೆ. ಅವರು ತೂಬಿನ ಕಲ್ಲಿನ ಮೇಲೆ ಅದನ್ನು ಹಾಸಿ, ಗಾಳಿಗೆ ಹಾರದಂತೆ ಮೂಲೆಗೆ ತಮ್ಮ ಎಲೆ ಅಡಿಕೆ ಚೀಲ ಇಟ್ಟು, ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದರು.

"ನಮ್ಮ ಕೆರಿ ಇದರಾಗ ಕಾಣ್ತೈತೇನು?"

ಕಾಣುತ್ತಿರಲಿಲ್ಲ. ಅವರ ಕೆರೆ ಇರಬೇಕಾದ ಜಾಗದಲ್ಲಿ ಕಡುಕೆಂಪು ಇತ್ತು. ನಾನು ಅದನ್ನು ಭತ್ತದ ಗದ್ದೆ ಅಂತ ಬರೆದುಕೊಂಡಿದ್ದೆ. ತಲೆಯೆತ್ತಿ ನೋಡಿದರೆ ಎದುರಿಗೆ ಏರಿಯಿಂದ ಏರಿಗೆ ಅಂತರಗಂಗೆ ಹಬ್ಬಿತ್ತು. ಒಂದು ಹನಿ ನೀರು ಕಾಣದ ಹಾಗೆ. ಉಪಗ್ರಹಕ್ಕೆ ಕಂಡದ್ದು ಎಲೆ. ಎಲೆ ಅಂದರೆ ಕೆಂಪು.

"ಇಲ್ಲ ಅಜ್ಜಾ, ಕಾಣಲ್ಲ" ಅಂದೆ. ಅವರು ಏನೂ ಅನ್ನಲಿಲ್ಲ. ನಕ್ಷೆಯನ್ನು ನಾಲ್ಕು ಮಡಿಕೆ ಮಾಡಿ ಕೈಗೆ ಕೊಟ್ಟರು. ಆ ಮೌನ ನನಗೆ ತುಂಬಾ ದಿನ ಕಾಡಿತು.

ವಾಪಸ್ ಬಂದು ವಿಭಾಗದ ಕಪಾಟಿನಲ್ಲಿದ್ದ ಹಳೆಯ ಸಿಡಿ ಹುಡುಕಿ, 2000ದ ಸುಮಾರಿನ ಐಆರ್‌ಎಸ್-1ಡಿ ಚಿತ್ರ ತೆರೆದೆ. ಅದೇ ಜಾಗ. ದುಂಡಗೆ, ಕಪ್ಪಗೆ, ಅಜ್ಜನ ಕೆರೆ ತುಂಬಿ ನಿಂತಿತ್ತು. ಹಳೆಯ ಚಿತ್ರ ಉಳಿದಿರದಿದ್ದರೆ ನನ್ನ ಥೀಸಿಸ್‌ನಲ್ಲಿ ಆ ಕೆರೆ ಗದ್ದೆಯಾಗಿಯೇ ಉಳಿದುಬಿಡುತ್ತಿತ್ತು. ಅವತ್ತಿನಿಂದ ಕೆಂಪಗೆ ಕಂಡ ಪ್ರತಿ ತಗ್ಗನ್ನೂ ಹಳೆಯ ಚಿತ್ರದ ಜೊತೆ ಇಟ್ಟು ನೋಡಿದೆ. ಥೀಸಿಸ್‌ನ ನಾಲ್ಕನೇ ಅಧ್ಯಾಯ ಹುಟ್ಟಿದ್ದು ಹಾಗೆ. ಅಜ್ಜ, ಆ ಅಧ್ಯಾಯ ನಿಮ್ಮದು.

ಕಷ್ಟದ ದಿನಗಳ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಲಾಕ್‌ಡೌನ್ ಆಯಿತು, ಬರಬೇಕಾದ ಶಿಷ್ಯವೇತನ ತಿಂಗಳುಗಟ್ಟಲೆ ಬರಲಿಲ್ಲ. 2021ರಲ್ಲಿ ಹಾರ್ಡ್‌ಡಿಸ್ಕ್ ಕೆಟ್ಟು ಮೂರು ವರ್ಷದ ಕೆಲಸ ಹೋಯಿತು. ಆ ವಾರ ನಾನು ಊರಿಗೆ ಹೋಗಿ, ಇನ್ನು ಧಾರವಾಡಕ್ಕೆ ಹೋಗುವುದಿಲ್ಲ ಅಂತ ಅವ್ವನ ಮುಂದೆ ಅತ್ತಿದ್ದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸದೆ ಕೇಳಿದಳು, "ಚಿತ್ರಾ ಕೊಟ್ಟಾವ್ರು ಅದಾರಲ್ಲ, ಮತ್ತ ಕೊಡಂಗಿಲ್ಲೇನು?"

ಕೊಟ್ಟರು. ಹೈದರಾಬಾದಿನ ರಾಷ್ಟ್ರೀಯ ದೂರಸಂವೇದನಾ ಕೇಂದ್ರದ ಭುವನ್ ಮತ್ತು ಭೂನಿಧಿ ತಾಣಗಳಲ್ಲಿ ಹೆಸರು ನೋಂದಾಯಿಸಿ ಒಂದೊಂದೇ ಚಿತ್ರ ಮತ್ತೆ ಇಳಿಸಿಕೊಂಡೆ. ಒಂದು ರೂಪಾಯಿ ಖರ್ಚಿಲ್ಲದೆ. ಅಷ್ಟೊತ್ತಿಗೆ ವಿಭಾಗದ ಹಳೆಯ ಸಿಡಿ ಓದುವುದನ್ನೂ ನಿಲ್ಲಿಸಿತ್ತು. ಆಮೇಲೆ ಅದರಲ್ಲಿದ್ದ ಚಿತ್ರವೂ ಸಿಕ್ಕಿತು. ಡೆಹ್ರಾಡೂನಿನ ಭಾರತೀಯ ದೂರಸಂವೇದನಾ ಸಂಸ್ಥೆಯ ಆನ್‌ಲೈನ್ ಪಾಠಗಳೂ ಉಚಿತವೇ. ಅಟ್ಟದ ಮೇಲೆ ನೆಟ್‌ವರ್ಕ್ ಸಿಗುವ ಒಂದೇ ಮೂಲೆಯಲ್ಲಿ ಕೂತು ಕೇಳಿದೆ. ಮೊದಲ ಸಲ ತಿಳಿಯದೆ ಮಾಡಿದ್ದ ಎಷ್ಟೋ ಕೆಲಸ ಎರಡನೇ ಸಲ ತಿಳಿದು ಮಾಡಿದೆ.

ಆದ್ದರಿಂದ, ಅಹಮದಾಬಾದಿನಲ್ಲಿ ಆ ಕ್ಯಾಮೆರಾಗಳನ್ನು ಕಟ್ಟಿದವರಿಗೆ, ಶಾದನಗರದ ಕೇಂದ್ರದಲ್ಲಿ ದಿನಾ ಉಪಗ್ರಹದ ಸಂಕೇತ ಹಿಡಿಯುವವರಿಗೆ, ಬಣ್ಣ ಮತ್ತು ಜಾಗದ ತಪ್ಪುಗಳನ್ನು ತಿದ್ದಿ ಚಿತ್ರವನ್ನು ನಮ್ಮ ಕೈಗೆ ಮುಟ್ಟಿಸುವವರಿಗೆ: ನಿಮ್ಮ ಹೆಸರು ನನಗೆ ಗೊತ್ತಿಲ್ಲ. ನನ್ನ ಹೆಸರು ನಿಮಗೆ ಗೊತ್ತಾಗುವುದೂ ಇಲ್ಲ. ಆದರೂ ಏಳು ವರ್ಷ ನಿಮ್ಮ ಜೊತೆಗೇ ಕೆಲಸ ಮಾಡಿದ್ದೇನೆ ಅನ್ನುವ ಭಾವ ನನ್ನದು. ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಆರ್ಯಭಟ ಉಪಗ್ರಹ ಕಟ್ಟಿಸಿದ ನಮ್ಮ ಉಡುಪಿ ಸೀಮೆಯ ಯು.ಆರ್. ರಾವ್ ಅವರನ್ನು, ಭಾಸ್ಕರ ಉಪಗ್ರಹದಿಂದ ಐಆರ್‌ಎಸ್‌ವರೆಗೆ ಈ ದಾರಿ ಹಾಕಿದ ಕಸ್ತೂರಿರಂಗನ್ ಅವರನ್ನು ಇವತ್ತು ನೆನೆಯುತ್ತೇನೆ. ಇಬ್ಬರೂ ಈಗ ಇಲ್ಲ.

ನನ್ನ ಗೈಡ್ ಸರ್‌ಗೆ ಎದುರಿಗೇ ಹೇಳಿದ್ದೇನೆ. "ನೆಲ ನೋಡದೆ ನಕ್ಷೆಗೆ ಸಹಿ ಹಾಕಲ್ಲ" ಅಂತ ಪ್ರತಿ ಸಲ ಹಿಂದಕ್ಕೆ ಕಳಿಸಿದ್ದಕ್ಕೆ ಥ್ಯಾಂಕ್ಸ್ ಸರ್. ಫೀಲ್ಡಿಗೆ ಬೈಕ್ ಕೊಟ್ಟ ಕಾಕಾನಿಗೆ, ಹಾಸ್ಟೆಲ್ಲಿನ ಗೆಳತಿಯರಿಗೆ, ಊರೂರಲ್ಲಿ ಚಹಾ ಕೊಟ್ಟು ಕೂರಿಸಿ ಕೆರೆಯ ಕಥೆ ಹೇಳಿದ ಹೆಣ್ಣುಮಕ್ಕಳಿಗೆ ನಮಸ್ಕಾರ. ಅವ್ವ, ಅಪ್ಪನಿಗೆ ಏನು ಹೇಳಲಿ. ಅಪ್ಪ ವೈವಾ ದಿನ ಕೊನೆಯ ಸಾಲಿನಲ್ಲಿ ಕೂತಿದ್ದ. ಪರದೆಯ ಮೇಲೆ ನಕ್ಷೆ ಬಂದಾಗಲೆಲ್ಲ ಅವನ ತುಟಿ ಅಲುಗಾಡುತ್ತಿತ್ತು. ಚುಕ್ಕೆ ಎಣಿಸುತ್ತಿದ್ದನೇನೋ.

ಒಂದು ಸುದ್ದಿ ಬಾಕಿ ಇದೆ. 2023ರಲ್ಲಿ ರಾಜ್ಯದ 223 ತಾಲೂಕುಗಳಲ್ಲಿ ಬರ ಬಂತಲ್ವಾ, ಆಗ ಅಜ್ಜನ ಕೆರೆಯೂ ಪೂರ್ತಿ ಒಣಗಿತು. ಅಂತರಗಂಗೆ ಸುಟ್ಟು ಹೋಯಿತು. ಊರಿನವರು ಟ್ರ್ಯಾಕ್ಟರ್ ಹಚ್ಚಿ ಹೂಳು ತೆಗೆದು ಹೊಲಕ್ಕೆ ಹೇರಿಕೊಂಡರು. 2024ರಲ್ಲಿ ಮಳೆ ಚೆನ್ನಾಗಿ ಆಯಿತು. ಆ ವರ್ಷದ ಚಳಿಗಾಲದ ಲಿಸ್-3 ಚಿತ್ರ ತೆರೆದಾಗ ಕೆಂಪು ಗದ್ದೆಗಳ ನಡುವೆ ಕೆರೆ ಕಪ್ಪಗೆ, ದುಂಡಗೆ ನಿಂತಿತ್ತು.

ಅದನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಮಳೆಗೆ ನೆನೆಯದ ಹಾಗೆ ಲ್ಯಾಮಿನೇಷನ್ ಮಾಡಿಸಿ ಇಟ್ಟಿದ್ದೇನೆ. ಅಜ್ಜ ಆರಾಮ ಇದ್ದಾರೆ, ಮೊನ್ನೆ ಅವರ ಮೊಮ್ಮಗನ ಜೊತೆ ಮಾತಾಡಿದೆ. ಭಾನುವಾರ ಬೆಳಗಿನ ಬಸ್ಸಿಗೆ ಹೊರಡುತ್ತೇನೆ.