ಬ್ರಿಕ್ಸ್‌ಟನ್ ಕೂಸುಗಳ ಲೆಕ್ಕ: ಲ್ಯಾಂಬೆತ್ ಮೇಯರ್‌ಗೆ ಬಹಿರಂಗ ಪತ್ರ

ಮಾನ್ಯ ಮೇಯರ್ ಅವರೇ,

ಥೇಮ್ಸ್ ದಂಡೆಯಲ್ಲಿ 2015ರಿಂದ ಬಸವಣ್ಣನವರ ಪ್ರತಿಮೆ ಇರುವುದು ಲಂಡನ್ನಿನ ನಿಮ್ಮ ಲ್ಯಾಂಬೆತ್‌ನಲ್ಲೇ. ಆ ಸಲುಗೆಯಿಂದ ಒಂದು ಕೋರಿಕೆ. ನಿಮ್ಮದೇ ಬ್ರಿಕ್ಸ್‌ಟನ್‌ನಲ್ಲಿ 1870ರಲ್ಲಿ ಬಯಲಾದ ಶಿಶುಪಾಲನೆ ದಂಧೆಯ (ಹಣ ಪಡೆದು ಕೂಸು ತಂದುಕೊಂಡು, ಸಾಯಲು ಬಿಡುವ ದಂಧೆಯ) ಬಗ್ಗೆ ಒಂದು ಫಲಕ ಹಾಕಿಸಿ. ಆದರೆ ಆ ದಂಧೆ ನಡೆಸಿ ಅದೇ ವರ್ಷ ಅಕ್ಟೋಬರ್ 11ರಂದು ಗಲ್ಲಿಗೇರಿದ ಮಾರ್ಗರೆಟ್ ವಾಟರ್ಸ್ ಹೆಸರು ಕೆತ್ತಿಸಿ ಕೈತೊಳೆದುಕೊಳ್ಳಬೇಡಿ.

ಲೆಕ್ಕ ನೋಡಿ. ಕೂಸನ್ನು ಕಾಯಂ ಆಗಿ ಸಾಕಿಕೊಳ್ಳುತ್ತೇವೆಂದು ಪತ್ರಿಕೆಯಲ್ಲಿ ಜಾಹೀರಾತು, ಒಂದೇ ಕಂತಿಗೆ 5 ಪೌಂಡ್. ಅಂದರೆ 100 ಶಿಲ್ಲಿಂಗ್. ಸಾಕುವ ಖರ್ಚು ವಾರಕ್ಕೆ 5 ಶಿಲ್ಲಿಂಗ್ ಎಂದಿಟ್ಟುಕೊಂಡರೆ 20 ವಾರದಲ್ಲಿ ಹಣ ಖಾಲಿ. ಆಮೇಲೆ ಕೂಸು ಬದುಕಿದಷ್ಟೂ ನಷ್ಟ. ಮದುವೆಯಾಗದ ತಾಯಿ ಕೋರ್ಟಿಗೆ ಹೋಗಿ ಗೆದ್ದರೂ, ಮೊದಲ ಆರು ವಾರ ಕಳೆದ ಮೇಲೆ ತಂದೆಯಿಂದ ಸಿಗುತ್ತಿದ್ದದ್ದು ವಾರಕ್ಕೆ ಹೆಚ್ಚೆಂದರೆ ಎರಡೂವರೆ ಶಿಲ್ಲಿಂಗ್. ಮನೆಗೆಲಸದವಳಿಗೆ ಕಂಕುಳಲ್ಲಿ ಕೂಸಿದ್ದರೆ ಕೆಲಸವೂ ಇಲ್ಲ.

ಕೊಲ್ಲಲು ಕತ್ತು ಹಿಸುಕಬೇಕಿರಲಿಲ್ಲ. ಗಾಡ್‌ಫ್ರೀಸ್ ಕಾರ್ಡಿಯಲ್ ಎಂಬ ಔಷಧಿ ಸಾಕಿತ್ತು: ಕಾಕಂಬಿಯಲ್ಲಿ ಕಲಸಿದ ಅಫೀಮು. ಅಫೀಮು ತಳಕ್ಕಿಳಿಯುತ್ತದೆ, ಕುಲುಕದೆ ಕೊಟ್ಟರೆ ಸೀಸೆಯ ಕೊನೆಯ ಚಮಚಗಳು ಮೊದಲಿನವುಗಳಿಗಿಂತ ಎಷ್ಟೋ ಕಟು. ಆದರೂ ಹೆಚ್ಚಿನ ಕೂಸುಗಳನ್ನು ಕೊಂದದ್ದು ಮಂಪರಲ್ಲ, ಹಸಿವು. ಮಂಪರಿನ ಕೂಸು ಅಳುವುದಿಲ್ಲ, ಅಳದ ಕೂಸಿಗೆ ಹಾಲು ಕೇಳಲು ಬರುವುದಿಲ್ಲ. ಪೊಲೀಸರು ವಾಟರ್ಸ್ ಮನೆ ಹೊಕ್ಕಾಗ ಕಂಡದ್ದೂ ಸೋಫಾದ ಮೇಲೆ ಸದ್ದಿಲ್ಲದೆ ಬಿದ್ದಿದ್ದ, ಎಲುಬು ಎದ್ದ ಕೂಸುಗಳನ್ನೇ. ಮರಣಪತ್ರದಲ್ಲಿ ಇಂಥ ಸಾವು "ನಿಶ್ಶಕ್ತಿ" ಎಂದಾಗುತ್ತಿತ್ತು.

ಒಳ್ಳೆಯ ಮನೆಗಳಲ್ಲೂ ಕಥೆ ಅಷ್ಟೇನೂ ಬೇರೆಯಿರಲಿಲ್ಲ. ಗಾಜಿನ ಬಾಟಲಿಗೆ ಉದ್ದನೆಯ ರಬ್ಬರ್ ಕೊಳವೆ, ಅದರ ತುದಿಗೆ ತೊಟ್ಟು. ಯಾರೂ ಹಿಡಿದುಕೊಳ್ಳಬೇಕಿಲ್ಲ, ಮಲಗಿದಲ್ಲೇ ಚೀಪಬಹುದು. ಅನುಕೂಲವೇನೋ ಸರಿ, ಆದರೆ ಕೊಳವೆಯ ಒಳಗೆ ಹಾಲು ಗಟ್ಟಿಕಟ್ಟುತ್ತಿತ್ತು, ಬ್ರಷ್ ತಲುಪುತ್ತಿರಲಿಲ್ಲ. ಆಗಸ್ಟ್ ಸೆಕೆಯಲ್ಲಿ ಭೇದಿ ಹಬ್ಬುತ್ತಿತ್ತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಹುಟ್ಟಿದ 1000 ಕೂಸುಗಳಲ್ಲಿ ಸುಮಾರು 150 ಕೂಸುಗಳು ಒಂದು ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. ಇಷ್ಟು ಸಾವಿನ ನಡುವೆ ಬೇಕೆಂದೇ ಸಾಯಿಸಿದ್ದನ್ನು ಹೆಕ್ಕುವುದು ಯಾರಿಗೆ ಸಾಧ್ಯ?

ಕಾಗದದಲ್ಲೂ ತೂತು. ಜನನ ನೋಂದಣಿ 1837ರಿಂದ ಇದ್ದರೂ ಅದನ್ನು ಮಾಡಿಸುವ ಹೊಣೆ ಹೆತ್ತವರ ಮೇಲೆ ಗಟ್ಟಿಯಾಗಿ ಬಿದ್ದದ್ದು 1874ರ ಕಾಯ್ದೆಯಿಂದ. ಅಲ್ಲಿಯವರೆಗೆ ಉಸಿರಾಡಿದ ಕೂಸನ್ನೂ ಸತ್ತೇ ಹುಟ್ಟಿತೆಂದು ಹೂಳಬಹುದಿತ್ತು. ಶಿಶು ರಕ್ಷಣೆಗೆಂದು ಬಂದ 1872ರ ಕಾಯ್ದೆ ಹಣ ಪಡೆದು ಸಾಕುವವರಿಗೆ ನೋಂದಣಿ ಕಡ್ಡಾಯ ಮಾಡಿತು, ಸಾವನ್ನು 24 ಗಂಟೆಯೊಳಗೆ ತಿಳಿಸಬೇಕೆಂದಿತು. ಆದರೆ ವರ್ಷದೊಳಗಿನ ಎರಡು ಅಥವಾ ಹೆಚ್ಚು ಕೂಸುಗಳಿದ್ದರೆ ಮಾತ್ರ. ಒಂದೊಂದೇ ಕೂಸು ತಂದುಕೊಂಡವರನ್ನು ಕೇಳುವವರಿರಲಿಲ್ಲ. ಆ ಸಂದು ಮುಚ್ಚಲು 1908 ಬರಬೇಕಾಯಿತು.

ಫಲಕದಲ್ಲಿ ಬರೆಯಬೇಕಾದ್ದು ಈ 20 ವಾರದ ಲೆಕ್ಕ ಮತ್ತು ಈ ನಾಲ್ಕು ಇಸವಿಗಳು. ನಿಮ್ಮ ಪತ್ರಾಗಾರದವರು ಅಂಥದ್ದೊಂದು ಹಾಲಿನ ಬಾಟಲಿಯನ್ನು ಎರವಲು ತಂದು, ಕೊಳವೆ ಸೀಳಿ ಒಳಭಾಗ ಕಾಣುವ ಹಾಗೆ ಪ್ರದರ್ಶನಕ್ಕಿಡಲಿ. ಅಸಲಿಯನ್ನು ಸೀಳಲಾಗದಿದ್ದರೆ ಮಾದರಿಯೂ ಆದೀತು.

ಇಂತಿ,
ಶಿಶು ಆರೋಗ್ಯದ ಚರಿತ್ರೆ ಓದುವ ಕೆಲವು ಕನ್ನಡಿಗರು